ಪಾರ್ಸಲ್ ಬಿಚ್ಚಿದ ದಿನವೇ 60 ರಿಂಗಿನ ಸಿಗಾರ್ ಹಚ್ಚಬೇಡಿ

ಏಳಿಂಚು ಉದ್ದ, ದಪ್ಪ 60 ರಿಂಗ್ ಗೇಜ್, ಹೊರಗೆ ಸುತ್ತಿದ ಎಲೆ ಅಂದರೆ ರ್ಯಾಪರ್ ಮೆಕ್ಸಿಕೋದ ಸ್ಯಾನ್ ಆಂಡ್ರೆಸ್ ಮಡೂರೊ, ಕಡುಗಂದು ಬಣ್ಣದ್ದು. ಕೈಯಲ್ಲೇ ಸುತ್ತಿದ ದುಬಾರಿ ಮಾಲು. ರುಚಿ ನೋಡಿ ವಿಮರ್ಶೆ ಬರೆಯಲೆಂದು ಪಾರ್ಸಲ್ ಬಂದ ಸಂಜೆಯೇ ಹಚ್ಚಿದ್ದಾಯಿತು. ಮೊದಲ ಎರಡಿಂಚು ಬರೀ ಹುಳಿ, ಕಹಿ. ಅರ್ಧ ಮುಗಿಯುವುದರೊಳಗೆ ರ್ಯಾಪರ್ ಸೀಳಿತು, ಒಳಗಿನ ತಂಬಾಕು ಮುಂದಾಗಿ ಉರಿದು ಸುರಂಗ ಬಿತ್ತು. ಕೊನೆಯ ಮೂರನೇ ಪಾಲು ಶುರುವಾಗುವ ಮೊದಲೇ ಸೇದುತ್ತಿದ್ದವರಿಗೆ ತಣ್ಣನೆ ಬೆವರು, ಓಕರಿಕೆ. ವಿಮರ್ಶೆ ಅಲ್ಲಿಗೇ ನಿಂತಿತು. ಬ್ರ್ಯಾಂಡಿನ ಹೆಸರು, ಕಳಿಸಿದ ಅಂಗಡಿಯ ಹೆಸರು ಇಲ್ಲಿ ಬೇಡ. ಈ ಗಾತ್ರದ ಸಿಗಾರನ್ನು ಹಸಿಯಾಗಿ ಹಚ್ಚಿದರೆ ಯಾವ ಬ್ರ್ಯಾಂಡಾದರೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕೆಡುತ್ತದೆ.

ಮೊದಲು ಗಾತ್ರದ ಲೆಕ್ಕ. ಒಂದು ರಿಂಗ್ ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ. ಕರೋನಾ ಎಂಬ 42 ರಿಂಗಿನ ತೆಳು ಸಿಗಾರಿನ ಅಡ್ಡಳತೆ 16.7 ಮಿಲಿಮೀಟರ್, 60 ರಿಂಗಿನದು 23.8. ಕಣ್ಣಿಗೆ ಏಳು ಮಿಲಿಮೀಟರಿನ ವ್ಯತ್ಯಾಸ ಅಷ್ಟೇ. ಆದರೆ ಕತ್ತರಿಸಿ ನೋಡಿದರೆ ಒಳಗಿನ ವಿಸ್ತೀರ್ಣ ಎರಡು ಪಟ್ಟು. ಅಂದರೆ ಒಂದಿಂಚು ಉರಿಯಲು ಎರಡು ಪಟ್ಟು ತಂಬಾಕು ಸುಡಬೇಕು. ತಂಬಾಕಿಗೆ ಹೋಲಿಸಿದರೆ ಹೊರಗೆ ಸುತ್ತಿದ ಎಲೆಯ ಪಾಲು ಶೇ 30ರಷ್ಟು ಕುಸಿಯುತ್ತದೆ. ಮಡೂರೊ ರ್ಯಾಪರಿನ ಸಿಹಿಗಾಗಿಯೇ ದಪ್ಪ ಸಿಗಾರ್ ಕೊಳ್ಳುವವರು ಇದನ್ನು ಗಮನಿಸಬೇಕು. ಆ ಸಿಹಿ ಬೇಕಿದ್ದರೆ ಅದೇ ಮಿಶ್ರಣದ ತೆಳು ಅಳತೆ ಕೊಳ್ಳುವುದೇ ಜಾಣತನ.

ಈ ದಪ್ಪದಿಂದಲೇ ಇನ್ನೊಂದು ಪೇಚು. ಹೊರಗಿನ ಗಾಳಿಗೆ ತಕ್ಕಂತೆ ಮೊದಲು ಹದವಾಗುವುದು ಹೊರಗಿನ ಎಲೆಗಳು, ನಡುವೆ ತುಂಬಿದ ತಂಬಾಕು, ಅಂದರೆ ಫಿಲ್ಲರ್, ವಾರಗಟ್ಟಲೆ ಹಿಂದೆ ಉಳಿಯುತ್ತದೆ. ದಾರಿಯಲ್ಲಿ ಒಣಗಬಾರದೆಂದು ಅಂಗಡಿಯವರು ಶೇ 70ಕ್ಕಿಂತ ಹೆಚ್ಚು ತೇವದಲ್ಲಿಟ್ಟ ಮಾಲನ್ನು ತೇವದ ಪ್ಯಾಕೆಟ್ಟಿನ ಸಮೇತ ಕಳಿಸುತ್ತಾರೆ. ಮುಟ್ಟಿದರೆ ಸರಿಯಾಗಿಯೇ ಇದೆ ಅನಿಸುತ್ತದೆ, ಒಳಗೆ ಮಾತ್ರ ಹಸಿ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಸ್ವಲ್ಪ ಬಗ್ಗಿ ಮರಳಿ ಬಂದರೆ ಒಳ್ಳೆಯದು, ಮೆತ್ತಗೆ ಒಳಗೇ ಉಳಿದರೆ ಹಸಿ, ಚರಚರ ಅಂದರೆ ಒಣಗಿದೆ ಎಂದು ಹೇಳುವುದುಂಟು. ತೆಳು ಸಿಗಾರಿಗೆ ಈ ಪರೀಕ್ಷೆ ಸಾಕು. 60 ರಿಂಗಿಗೆ ನಂಬಬೇಡಿ, ತಕ್ಕಡಿ ಹಿಡಿಯಿರಿ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಬಂದ ದಿನವೇ ತೂಗಿ ಬರೆದಿಡಿ. ಶೇ 62 ಅಥವಾ 65ರಷ್ಟು ತೇವ ಕಾಯುವ ಪ್ಯಾಕೆಟ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, 18ರಿಂದ 21 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಒಳಗೂ ಹೊರಗೂ ಒಂದೇ ಹದ ಬಂದಿದೆ ಎಂದರ್ಥ. ಈ ದಪ್ಪಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಸೆಲೋಫೇನ್ ತೆಗೆದಿಟ್ಟರೆ ಬೇಗ ಹದಕ್ಕೆ ಬರುತ್ತದೆ.

ಡಬ್ಬಿಯೊಳಗಿನ ತೇವಮಾಪಕವನ್ನೂ ಕುರುಡಾಗಿ ನಂಬುವಂತಿಲ್ಲ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಂತೆ ಒದ್ದೆಯಾಗುವಷ್ಟೇ ನೀರು ಬಿಟ್ಟು, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಿ. ಶೇ 75 ತೋರಿಸಬೇಕು. 79 ತೋರಿಸಿದರೆ ಮುಂದೆ ಪ್ರತಿ ಸಲ ನಾಲ್ಕು ಕಳೆದು ಓದಿಕೊಳ್ಳಿ.

ಹೊಸ ಪಾರ್ಸಲನ್ನು ಹಳೆಯ ಸಂಗ್ರಹಕ್ಕೆ ನೇರ ಸೇರಿಸಬೇಡಿ. ಹಸಿರು, ನೀಲಿ ಛಾಯೆಯ ನೂಲುನೂಲಾದ ಬೂಷ್ಟು ಬುಡದ, ಅಂದರೆ ಹಚ್ಚುವ ತುದಿಯ, ಎಲೆಗಳ ನಡುವೆ ಕಂಡರೆ ಬಿಸಾಡುವುದೇ. ಒಂದೆರಡು ಮಿಲಿಮೀಟರಿನ ದುಂಡು ತೂತು ಕಂಡರೆ ತಂಬಾಕು ಜೀರುಂಡೆ ಬಂದಿದೆ. 24 ಡಿಗ್ರಿ ದಾಟಿದ ಪೆಟ್ಟಿಗೆಯಲ್ಲಿ ಅದರ ಮೊಟ್ಟೆಗಳು ಒಡೆಯುವ ಅಪಾಯ ಹೆಚ್ಚು. ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿಟ್ಟು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ, ಆಮೇಲೆ ಫ್ರಿಜ್ಜಿನಲ್ಲಿ ಒಂದು ದಿನ, ಕೊನೆಗೆ ಹೊರಗೆ. ಫ್ರೀಜರಿನಿಂದ ನೇರ ಹೊರಗಿಟ್ಟರೆ ರ್ಯಾಪರ್ ಬಿರಿಯಬಹುದು.

ಇನ್ನು ಪಾರ್ಸಲ್ ಬಂದ ಸಂಜೆ ಹಚ್ಚಿದ ಆ ಸಿಗಾರಿನ ವಿಷಯ. ಕೆಟ್ಟ ಸೂಚನೆ ಕತ್ತರಿಸುವಾಗಲೇ ಸಿಕ್ಕಿತ್ತು. ಎಷ್ಟೋ ಗಿಲೊಟಿನ್ ಕಟರುಗಳ ಬಾಯಿ 54 ರಿಂಗಿನವರೆಗೆ ಮಾತ್ರ ತೆರೆಯುತ್ತದೆ. 60ನ್ನು ಒತ್ತಿ ತುರುಕಿದರೆ ಅಂಚು ಜಜ್ಜಿ ರ್ಯಾಪರ್ ಬಿಚ್ಚಿಕೊಳ್ಳುತ್ತದೆ. ಬಾಯಿಗಿಡುವ ತುದಿಯನ್ನು ಮುಚ್ಚುವ ಎಲೆಯ ಟೋಪಿಯಿಂದ ಒಂದೂವರೆ, ಹೆಚ್ಚೆಂದರೆ ಎರಡು ಮಿಲಿಮೀಟರ್ ಕತ್ತರಿಸಿದರೆ ಸಾಕು, ಟೋಪಿ ಮುಗಿಯುವ ಗೆರೆ ದಾಟಬಾರದು. ತೂತು ಕೊರೆಯುವ ಪಂಚ್ ಈ ಗಾತ್ರಕ್ಕೆ ಬೇಡವೇ ಬೇಡ. ಅಷ್ಟು ದೊಡ್ಡ ಮೈಯ ಹೊಗೆಯೆಲ್ಲ ಒಂದು ಸಣ್ಣ ತೂತಿನಿಂದ ಬರಬೇಕಾಗಿ, ಅದರ ಸುತ್ತ ಕಂದು ಟಾರ್ ಕಟ್ಟಿಕೊಂಡು ನಾಲಿಗೆಗೆ ತಾಗುತ್ತದೆ.

ಕತ್ತರಿಸಿದ ಮೇಲೆ, ಹಚ್ಚುವ ಮೊದಲು ಒಣ ದಮ್ಮು ಎಳೆದು ನೋಡಿ. ಗಾಳಿ ಸಣ್ಣ ತಡೆಯೊಂದಿಗೆ ಬರಬೇಕು. ಒಣಹುಲ್ಲು, ಸೀಡರ್ ಮರ, ಕೋಕೋದಂಥ ವಾಸನೆ ಇರಬೇಕು. ಕೆನ್ನೆ ಒಳಗೆ ಹೋಗುವಷ್ಟು ಜಗ್ಗಬೇಕಾದರೆ, ಅಥವಾ ಬುಡದಲ್ಲಿ ಅಮೋನಿಯಾದ ಘಾಟು ಮೂಗಿಗೆ ಹೊಡೆದರೆ ಹಚ್ಚಲೇಬಾರದು. ಕತ್ತರಿಸಿದ ಸಿಗಾರನ್ನೂ ಡಬ್ಬಿಗೆ ವಾಪಸ್ ಇಡಬಹುದು, ಏನೂ ಕೆಡುವುದಿಲ್ಲ. ಇಲ್ಲಿ ಒಣ ದಮ್ಮು ಬಿಗಿಯಾಗಿಯೇ ಇತ್ತು.

ಹಚ್ಚಿದ್ದು ಒಂಟಿ ಜ್ವಾಲೆಯ ಟಾರ್ಚ್ ಲೈಟರಿನಲ್ಲಿ. ಸುಮಾರು 24 ಮಿಲಿಮೀಟರ್ ಅಗಲದ ಬುಡಕ್ಕೆ ಅದು ಸಾಲದು, ನಡುಭಾಗ ಕೆಂಪಾಗಿ ಅಂಚು ಹಾಗೇ ಉಳಿಯುತ್ತದೆ. ಮಡೂರೊ ಎಲೆ ಮೊದಲೇ ದಪ್ಪ, ಎಣ್ಣೆ ಜಾಸ್ತಿ, ತೇವ ಬಿಡುವುದು ನಿಧಾನ. ನಡು ಉರಿಯುತ್ತಾ ಒಳಗೆ ಹೋಗುತ್ತದೆ, ರ್ಯಾಪರ್ ಕೊಳವೆಯಂತೆ ನಿಂತುಬಿಡುತ್ತದೆ. ಅದೇ ಸುರಂಗ. ಇದನ್ನು ಪತ್ತೆ ಹಚ್ಚಲು ಕಣ್ಣಿಗಿಂತ ಬಾಯಿಯೇ ಮೇಲು: ಅಲ್ಲಿಯವರೆಗೆ ಬಿಗಿಯಾಗಿದ್ದ ಎಳೆತ ಇದ್ದಕ್ಕಿದ್ದಂತೆ ಸಡಿಲಾಗಿ ಹೊಗೆ ಬಿಸಿಯಾದರೆ ಬೂದಿ ತಟ್ಟಿ ನೋಡಿ. ಜ್ವಾಲೆಯನ್ನು ಬುಡಕ್ಕೆ ತಾಗಿಸದೆ, ಅಂಚಿನಿಂದ ಶುರುಮಾಡಿ, ಸಿಗಾರನ್ನು ತಿರುಗಿಸುತ್ತಾ ಸುತ್ತಲೂ ಕಾಯಿಸಬೇಕು. ಊದಿ ನೋಡಿದಾಗ ಇಡೀ ವೃತ್ತ ಒಂದೇ ಸಮ ಕೆಂಪಾದ ಮೇಲೆ ಮೊದಲ ದಮ್ಮು. ಪೆಟ್ರೋಲ್ ಲೈಟರ್, ಮೇಣದಬತ್ತಿ ಎರಡೂ ರುಚಿ ಕೆಡಿಸುತ್ತವೆ, ಬ್ಯುಟೇನ್ ಸರಿ.

ನಿಮಿಷಕ್ಕೊಂದು ದಮ್ಮು ಅನ್ನುವುದು ಸಾಮಾನ್ಯ ಲೆಕ್ಕ. ಎಳೆತ ಬಿಗಿಯಾದಾಗ ಕೈ ತಾನಾಗಿಯೇ ಎರಡು, ಮೂರಕ್ಕೆ ಹೋಗುತ್ತದೆ, ಕೆಂಡ ವಿಪರೀತ ಕಾಯುತ್ತದೆ, ಒಳಗಿನ ನೀರು ಆವಿಯಾಗಿ ಟಾರನ್ನು ತುದಿಯತ್ತ ತಳ್ಳುತ್ತದೆ. ಒಳಗೆ ಉಬ್ಬಿದ ತಂಬಾಕು ಕೆಂಡದ ಗೆರೆಗಿಂತ ಮುಂದೆಯೇ ರ್ಯಾಪರನ್ನು ಸೀಳುತ್ತದೆ. ಈ ಹಂತದಲ್ಲಿ ಸಿಗುವ ಹುಳಿ, ಲೋಹದ ರುಚಿ, ಒಗರನ್ನು ಮಿಶ್ರಣದ ಗುಣವೆಂದು ಬರೆದರೆ ಅದು ಸುತ್ತಿದವರಿಗೆ ಮಾಡುವ ಅನ್ಯಾಯ. ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ದೊಡ್ಡ ಸಿಗಾರುಗಳ ಬಗ್ಗೆ ‘ಕಹಿ’ ಎಂದಷ್ಟೇ ಬರೆದ ವಿಮರ್ಶೆ ಕಂಡರೆ, ಎಷ್ಟು ದಿನ ಇಟ್ಟು ಸೇದಿದಿರಿ ಎಂದು ಮೊದಲು ಕೇಳಿ.

ರಿಪೇರಿಗೂ ಮಿತಿ ಇದೆ. ಒಂದು ಬದಿ ಹಿಂದೆ ಬಿದ್ದಿದ್ದರೆ ಆ ಬದಿಗಷ್ಟೇ ಜ್ವಾಲೆ ತೋರಿಸಿ. ಎಳೆತ ಬಿಗಿಯಾಗಿದ್ದರೆ ಉದ್ದ ಸೂಜಿಯಂಥ ಡ್ರಾ ಟೂಲನ್ನು ಟೋಪಿಯ ಕಡೆಯಿಂದ, ನಟ್ಟನಡುವೆ, ತಿರುಚುತ್ತಾ ನಿಧಾನ ಇಳಿಸಬೇಕು. ಬಲವಾಗಿ ತಳ್ಳಿದರೆ ಎಲೆಗಳು ಮುಂದೆ ಒತ್ತಿಕೊಂಡು ಇನ್ನೂ ಬಿಗಿಯುತ್ತದೆ. ಸುರಂಗ ಬಿದ್ದರೆ ಖಾಲಿ ಕೊಳವೆಯಷ್ಟನ್ನೂ ಕತ್ತರಿಸಿ ತೆಗೆದು, ಒಳಗಿಂದ ಹೊರಕ್ಕೆ ಒಮ್ಮೆ ಊದಿ ಹಳಸಿದ ಹೊಗೆ ಹೊರಹಾಕಿ, ಮತ್ತೆ ಹಚ್ಚಬೇಕು. ಮೂರನೇ ಸಲ ಹಚ್ಚುವ ಪ್ರಸಂಗ ಬಂದರೆ ಅದರ ಮೇಲೆ ವಿಮರ್ಶೆ ಬರೆಯುವ ಅರ್ಥವಿಲ್ಲ, ಬಿಟ್ಟುಬಿಡಿ.

ಬಿಡದೆ ಜಗ್ಗಿದ್ದರಿಂದಲೇ ಓಕರಿಕೆ ಬಂದಿದ್ದು. ಹೊಗೆ ಶ್ವಾಸಕೋಶಕ್ಕೆ ಎಳೆಯದಿದ್ದರೆ ನಿಕೋಟಿನ್ ಏರುವುದಿಲ್ಲ ಎನ್ನುವುದು ಸುಳ್ಳು. ಸಿಗಾರಿನ ಹೊಗೆ ಕ್ಷಾರೀಯ, ಹಾಗಾಗಿ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸಿಗರೇಟಿನಲ್ಲಿ ಸುಮಾರು 8 ಮಿಲಿಗ್ರಾಂ ನಿಕೋಟಿನ್ ಇದ್ದರೆ, ದೊಡ್ಡ ಸಿಗಾರುಗಳಲ್ಲಿ ಸಾಮಾನ್ಯವಾಗಿ 100ರಿಂದ 200. ಅಷ್ಟೂ ಮೈಗೆ ಸೇರುವುದಿಲ್ಲ ನಿಜ, ಆದರೆ ದಮ್ಮು ದುಪ್ಪಟ್ಟಾದರೆ ಸೇರುವ ಪಾಲೂ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ಇದು ಬೇಗ ಕಾಡುತ್ತದೆ. ಬಾಯಲ್ಲಿ ನೀರೂರುವುದು, ಹಣೆಯಲ್ಲಿ ತಣ್ಣನೆ ಬೆವರು, ಮುಖ ಬಿಳಿಚಿಕೊಳ್ಳುವುದು ಮೊದಲ ಲಕ್ಷಣಗಳು. ಆ ಕ್ಷಣವೇ ಸಿಗಾರ್ ಕೆಳಗಿಟ್ಟು, ಗಾಳಿಯಾಡುವ ಕಡೆ ಕೂತು ನೀರು ಕುಡಿಯಿರಿ. ವಾಂತಿ ನಿಲ್ಲದಿದ್ದರೆ, ಎಚ್ಚರ ತಪ್ಪಿದರೆ, ಉಸಿರು ಕಷ್ಟವಾದರೆ ಆಸ್ಪತ್ರೆಗೆ ಹೋಗಬೇಕು, ಕಾಯಬೇಡಿ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಸಿಗಾರಿನಿಂದಲೂ ಬರುತ್ತದೆ. ಪ್ರೀಮಿಯಂ ಎಂಬ ಲೇಬಲ್ಲಿಗೆ ಅದರಿಂದ ವಿನಾಯಿತಿ ಇಲ್ಲ.

ಅದೇ ಪೆಟ್ಟಿಗೆಯ ಇನ್ನೊಂದನ್ನು ತೂಕ ಇಳಿಯುವುದು ನಿಂತ ಮೇಲೆ, ಊಟವಾದ ಬಳಿಕ ಸೇದಿ ನೋಡಿದ್ದೂ ಇದೆ. ಎಳೆತ ಸಲೀಸು, ಕೆಂಡದ ಗೆರೆ ನೆಟ್ಟಗೆ, ಬೂದಿ ಒಂದಿಂಚು ಬೀಳದೆ ನಿಂತಿತು. ಮೊದಲ ಪಾಲಿನಲ್ಲಿ ಕೋಕೋ, ಹುರಿದ ಕಾಫಿ. ನಡುವೆ ಕರಿಮೆಣಸಿನ ಖಾರ, ಹೊಗೆಯನ್ನು ಮೂಗಿನಿಂದ ಬಿಟ್ಟಾಗ ಇನ್ನೂ ಸ್ಪಷ್ಟ. ಕೊನೆಯ ಎರಡಿಂಚಿನಲ್ಲಿ ಮಾತ್ರ ಖಾರ ಏರಿ ಉಳಿದದ್ದೆಲ್ಲ ಮಂಕಾಯಿತು. ಆರಿಂಚಿನಲ್ಲಿ ಸುತ್ತಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ.