ಮಾತು ಕೇಳಿಸುವ ಸೌಂಡ್‌ಬಾರ್: ಎರಡು ವರ್ಷ ಬಳಸಿದ ಮೇಲೆ

ಸೌಂಡ್‌ಬಾರ್ (ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್) ಬಗ್ಗೆ ಬರೆಯುವವರು ಮೊದಲು ಬೇಸ್ ಬಗ್ಗೆ ಬರೆಯುತ್ತಾರೆ. ಎಷ್ಟು ವಾಟ್, ಕಿಟಕಿ ಎಷ್ಟು ಅದುರಿತು ಅಂತ. ನಾನು ಮಾತಿನ ಬಗ್ಗೆ ಬರೆಯಬೇಕು. ಬೆಂಗಳೂರಿನ ಹೊಸ ಫ್ಲಾಟ್‌ಗೆ ಬಂದಾಗ 55 ಇಂಚಿನ ಟಿವಿ ಜೊತೆ ಒಂದು 3.1 ಸೌಂಡ್‌ಬಾರ್ ತಗೊಂಡೆವು. ಎರಡು ವರ್ಷ ಆಯಿತು. ಅದರಿಂದ ಸಿಕ್ಕ ದೊಡ್ಡ ಖುಷಿ ಅಂದರೆ, ಸೀರಿಯಲ್ ನೋಡುವಾಗ ಅಮ್ಮ "ಏನಂದ ಅವನು?" ಅಂತ ಕೇಳುವುದು ನಿಂತಿದೆ.

ಅಮ್ಮನಿಗೆ ಎಪ್ಪತ್ತು ದಾಟಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಕದ ಸದ್ದುಗಳನ್ನು. ಅ, ಆ, ಓ ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ ಜಾರಿ ಹೋಗುತ್ತವೆ. ಕಾಲು, ಪಾಲು, ಸಾಲು ಮೂರೂ ಒಂದೇ ಥರ ಕೇಳಿಸಿದರೆ ಕಥೆ ಹೇಗೆ ಅರ್ಥವಾಗಬೇಕು? ವಾಲ್ಯೂಮ್ ಜಾಸ್ತಿ ಮಾಡಿದರೆ ಹಿನ್ನೆಲೆ ಸಂಗೀತವೂ ಜಾಸ್ತಿ ಆಗುತ್ತದೆ, ಅಷ್ಟೇ. ಅದರ ಮೇಲೆ ಈಗಿನ ಟಿವಿಗಳು ತೀರಾ ತೆಳು. ಸ್ಪೀಕರ್ ಕೆಳಗೆ ಇಲ್ಲವೇ ಹಿಂದೆ ಮುಖ ಮಾಡಿ ಕೂತಿರುತ್ತದೆ. ಸದ್ದು ಗೋಡೆಗೆ ಬಡಿದು ನಮ್ಮ ಕಡೆ ಬರುತ್ತದೆ.

3.1ರಲ್ಲಿ ಎಡ, ಬಲದ ಜೊತೆ ನಡುವೆ ಇನ್ನೊಂದು ಸ್ಪೀಕರ್ ಇರುತ್ತದೆ. ಚುಕ್ಕಿಯ ನಂತರದ 1 ಅಂದರೆ ಬೇಸ್‌ಗೇ ಅಂತ ಇರುವ ಬೇರೆ ಡಬ್ಬ, ಸಬ್‌ವೂಫರ್. 5.1 ಧ್ವನಿಯ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಸದ್ದನ್ನು ಬೇರೆ ಬೇರೆ ಚಾನೆಲ್ ಮಾಡಿ ಹಂಚಿರುವ, ಸಿನಿಮಾಗಳಲ್ಲಿ ಮಾತಿನ ಬಹುಪಾಲು ಆ ನಡುವಿನ ಚಾನೆಲ್‌ನಲ್ಲೇ ಇರುತ್ತದೆ. ನಮ್ಮ ಬಾರ್‌ನಲ್ಲಿ ಅದನ್ನು ಮಾತ್ರ ಏರಿಸುವ ಬಟನ್ ಇದೆ. ಅಂಗಡಿಯಲ್ಲಿ ಇದೇ ಬೆಲೆಗೆ ನಮ್ಮ ಬೆನ್ನ ಹಿಂದೆ ಇಡುವ ಸ್ಪೀಕರ್‌ಗಳೂ ಇರುವ ಸೆಟ್ ತೋರಿಸಿದರು. ಅದರಲ್ಲಿ ನಡುವಿನದನ್ನು ಬೇರೆಯಾಗಿ ಏರಿಸಲು ಬರುತ್ತಿರಲಿಲ್ಲ. ಹಾಗಾಗಿ ಬೇಡ ಅಂದೆವು. ನಮ್ಮ ಲೆಕ್ಕ ಟಿವಿ ಸೇರಿ ಎಂಬತ್ತು ಸಾವಿರದ ಒಳಗೆ ಇರಬೇಕಿತ್ತು. ಅದರಲ್ಲಿ ಬಾರ್‌ಗೆ ಇಪ್ಪತ್ತು ಚಿಲ್ಲರೆ ಹೋಯಿತು.

ಜೋಡಿಸುವ ಕಥೆ ಸ್ವಲ್ಪ ಹೇಳಬೇಕು. ನಮ್ಮದು ಮಿವಾನ್ ಕಟ್ಟಡ, ಗೋಡೆಯೆಲ್ಲ ಕಾಂಕ್ರೀಟು. ಸಾದಾ ಡ್ರಿಲ್ ನಾಟುವುದಿಲ್ಲ, ಹ್ಯಾಮರ್ ಡ್ರಿಲ್ಲೇ ಬೇಕು. ಅಸೋಸಿಯೇಷನ್ ನಿಯಮದ ಪ್ರಕಾರ ಭಾನುವಾರ ಡ್ರಿಲ್ ಮುಟ್ಟುವ ಹಾಗಿಲ್ಲ, ಅದಕ್ಕೆ ಒಂದು ದಿನ ರಜೆ ಹಾಕಿದೆ. ಟಿವಿ ಹಾಕಲು ಬಂದ ಹುಡುಗ ಎದೆಯ ಎತ್ತರಕ್ಕೆ ಗುರುತು ಹಾಕಿ, "ಎಲ್ಲರೂ ಇಲ್ಲೇ ಹಾಕಿಸ್ತಾರೆ ಮೇಡಂ" ಅಂದ. ಅಮ್ಮನನ್ನು ದಿವಾನದ ಮೇಲೆ ಕೂರಿಸಿ ಅವರ ಕಣ್ಣಿನ ಮಟ್ಟ ನೋಡಿ ಕೆಳಗೆ ಹಾಕಿಸಿದೆವು. ಕತ್ತು ಎತ್ತಿ ನೋಡಬೇಕಾಗಿಲ್ಲ. ಬಾರ್ ಟಿವಿ ಯೂನಿಟ್ ಮೇಲೆ, ಮುಂದಿನ ಅಂಚಿಗೆ ಬಂದು ಕೂತಿದೆ. ಅದನ್ನು ಯೂನಿಟ್‌ನ ಗೂಡಿನೊಳಗೆ ತಳ್ಳಬೇಡಿ. ಮಾತು ಮಂಕಾಗುತ್ತದೆ.

ಕೇಬಲ್ ಒಂದೇ. ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಪೋರ್ಟಿಗೇ ಹಾಕಬೇಕು, ಬೇರೆ ಪೋರ್ಟಿನಿಂದ ಸದ್ದು ಹೊರಗೆ ಬರುವುದಿಲ್ಲ. 2009ರ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ, ಹಾಗಾಗಿ ಸ್ವಲ್ಪ ಹಳೆಯ ಟಿವಿಗಳಲ್ಲೂ ಸಿಗುತ್ತದೆ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇದ್ದರೆ ಆಟೋ ಅಥವಾ ಪಾಸ್‌ಥ್ರೂ ಮಾಡಿ. ಪಿಸಿಎಂನಲ್ಲೇ ಬಿಟ್ಟರೆ ಎಆರ್‌ಸಿ ಮೇಲೆ ಎರಡೇ ಚಾನೆಲ್ ಹೋಗುತ್ತವೆ. 5.1 ಸಿನಿಮಾ ಹಾಕಿದರೂ ನಡುವಿನ ಸ್ಪೀಕರ್‌ಗೆ ಅದರ ಪಾಲು ನೇರವಾಗಿ ತಲುಪುವುದಿಲ್ಲ.

ಈ ಕೇಬಲ್‌ನ ನಿಜವಾದ ಉಪಕಾರ ಬೇರೆ ಇದೆ. ಟಿವಿಯ ವಾಲ್ಯೂಮ್ ಬಟನ್ ಒತ್ತಿದರೆ ಬಾರ್‌ನ ವಾಲ್ಯೂಮ್ ಬದಲಾಗುತ್ತದೆ. ನಮ್ಮ ಸೆಟ್‌ಟಾಪ್ ಬಾಕ್ಸ್ ರಿಮೋಟ್‌ಗೆ ಟಿವಿಯ ವಾಲ್ಯೂಮ್ ಬಟನ್ ಕಲಿಸಬಹುದು, ಅದನ್ನೂ ಮಾಡಿದೆವು. ಈಗ ಅಮ್ಮನ ಕೈಯಲ್ಲಿ ಒಂದೇ ರಿಮೋಟ್. ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ದೇವರ ದೀಪ ಹಚ್ಚಿ ಬಂದು ಫೋನಿನಿಂದ ಬ್ಲೂಟೂತ್‌ನಲ್ಲಿ ಭಕ್ತಿಗೀತೆ ಹಾಕುತ್ತಾರೆ. ಮಧ್ಯಾಹ್ನ ಊಟ ಆಗಿ, ಎಲೆ ಅಡಿಕೆ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಹಿಂದಿನ ರಾತ್ರಿಯ ಸೀರಿಯಲ್ ಮರುಪ್ರಸಾರ. ಸಂಜೆ ವಾರ್ತೆ. ವಾರ್ತೆಗೆ ವಾಲ್ಯೂಮ್ 14, ಸೀರಿಯಲ್‌ಗೆ 17. ಈ ಲೆಕ್ಕ ಅವರೇ ಕಂಡುಕೊಂಡಿದ್ದು. ಹಳೇ ಮನೆಯಲ್ಲಿ ಟಿವಿ 40ರಲ್ಲಿ ಕೂಗುತ್ತಿತ್ತು. ಎರಡು ಟಿವಿಗಳ ಅಂಕಿ ಹೋಲಿಸಿ ಪ್ರಯೋಜನವಿಲ್ಲ, ನಿಜ. ಆದರೆ ಈಗ ಪಕ್ಕದ ರೂಮಿನಲ್ಲಿ ಕೂತು ನಾನು ಆಫೀಸ್ ಮೀಟಿಂಗ್ ಮಾಡಬಹುದು.

ನಾನು ನಿರೀಕ್ಷಿಸದೇ ಇದ್ದ ಸಂತೋಷ ಹಳೇ ಸಿನಿಮಾಗಳದ್ದು. ಕಪ್ಪು ಬಿಳುಪು ಕಾಲದ ಚಿತ್ರಗಳ ಧ್ವನಿ ಮೊನೊ, ಎಡಕ್ಕೂ ಬಲಕ್ಕೂ ಒಂದೇ. ಬಾರ್‌ನ ಸರೌಂಡ್ ಮೋಡ್ ಹಾಕಿದರೆ ಎರಡೂ ಕಡೆ ಸಮನಾಗಿರುವ ಸದ್ದನ್ನು ಅದು ನಡುವಿನ ಸ್ಪೀಕರ್‌ಗೆ ಕಳಿಸುತ್ತದೆ. ರಾಜ್‌ಕುಮಾರ್ ಅವರ ಪೌರಾಣಿಕ ಚಿತ್ರ ಹಾಕಿ ನೋಡಿ. ಆ ಉದ್ದುದ್ದ ಸಂಭಾಷಣೆಯ ಒಂದೊಂದು ಅಕ್ಷರವೂ ಟಿವಿಯ ಕೆಳಗಿನಿಂದ ನೆಟ್ಟಗೆ ಬರುತ್ತದೆ. ಭ ಬೇರೆ, ಬ ಬೇರೆ. ಅಮ್ಮ ಕೆಲವು ಸಾಲು ಅವರ ಜೊತೆಗೇ ಹೇಳುತ್ತಾರೆ. ಇದಕ್ಕೆ ತಲೆಯ ಮೇಲಿಂದಲೂ ಸದ್ದು ಬರಿಸುವ ಅಟ್ಮಾಸ್ ಬೇಕಿಲ್ಲ, ಹಿಂದಿನ ಸ್ಪೀಕರ್ ಬೇಕಿಲ್ಲ.

ತುಟಿಗೂ ಮಾತಿಗೂ ಹೊಂದಿಕೆ ಇರಬೇಕು, ಇದನ್ನು ಸುಮ್ನೆ ಬಿಡಬೇಡಿ. ಕಿವಿ ಮಂದ ಇರುವವರು ತಮಗೆ ಗೊತ್ತಿಲ್ಲದೆಯೇ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಡಬ್ಬಿಂಗ್ ಸೀರಿಯಲ್ ಅಮ್ಮನಿಗೆ ಹೆಚ್ಚು ಹಿಡಿಸದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ನಮ್ಮ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಮಾತು ಕೂದಲೆಳೆಯಷ್ಟು ಮೊದಲೇ ಬರುತ್ತಿತ್ತು. ಬಾರ್‌ನಲ್ಲಿ ಎವಿ ಸಿಂಕ್ ಅಂತ ಇದೆ, ಸದ್ದನ್ನು ಸ್ವಲ್ಪ ತಡ ಮಾಡುತ್ತದೆ. ವಾರ್ತೆ ಓದುವವರ ಮುಖ ನೋಡುತ್ತಾ ಸರಿ ಮಾಡಿದೆ. ಪ, ಬ, ಮ ಬಂದಾಗ ತುಟಿ ಮುಚ್ಚುತ್ತವಲ್ಲ, ಆಗ ಹೊಂದಿಕೆ ಬೇಗ ಗೊತ್ತಾಗುತ್ತದೆ.

ಇನ್ನು ಸಬ್‌ವೂಫರ್. ಇಲ್ಲಿ ನನ್ನ ಉತ್ಸಾಹ ಇಳಿಯುತ್ತದೆ. ಮೊದಮೊದಲು ಅದನ್ನು ಹಾಲ್‌ನ ಮೂಲೆಯಲ್ಲಿ ಇಟ್ಟಿದ್ದೆವು, ಪ್ಲಗ್ ಅಲ್ಲೇ ಇತ್ತು. ಮೂಲೆಯಲ್ಲಿ ಬೇಸ್ ಇನ್ನಷ್ಟು ದಪ್ಪ ಆಗುತ್ತದೆ. ಒಂದು ಶನಿವಾರ ರಾತ್ರಿ ಸಿನಿಮಾ ನೋಡುವಾಗ ಕೆಳಗಿನ ಮನೆಯಾಕೆ ಬಂದು, "ಅಕ್ಕಾ, ಪಾಪು ಈಗಷ್ಟೇ ಮಲಗಿತ್ತು, ಎದ್ದುಬಿಡ್ತು" ಅಂದರು. ಜಗಳದ ದನಿಯಲ್ಲಿ ಅಲ್ಲ, ಪಾಪ, ನಿದ್ದೆಗೆಟ್ಟ ಮುಖ. ನಮ್ಮ ವಾಲ್ಯೂಮ್ ಜಾಸ್ತಿ ಇರಲಿಲ್ಲ. ಆದರೆ 40 ಹರ್ಟ್ಸ್‌ನಂಥ ತಗ್ಗು ಸದ್ದಿನ ಒಂದು ಅಲೆಯೇ ಸುಮಾರು 28 ಅಡಿ ಉದ್ದ. ಮಾತಿನ ಸದ್ದನ್ನು ತಡೆಯುವ ಗೋಡೆ, ಸ್ಲ್ಯಾಬ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಕೆಳಗಿನವರಿಗೆ ಸಂಭಾಷಣೆ, ಹಾಡು ಏನೂ ಕೇಳಿಸುವುದಿಲ್ಲ, ಗುಂ ಗುಂ ಮಾತ್ರ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಕೂಸಿನ ನಿದ್ದೆಗೆ ಹತ್ತು ಗಂಟೆ ಏನು, ಎಂಟು ಗಂಟೆ ಏನು.

ಸಬ್ಬನ್ನು ಮೂಲೆಯಿಂದ ಈಚೆಗೆ ತಂದೆವು. ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿದೆವು. ನೆಲದ ಅದುರುವಿಕೆ ಕಮ್ಮಿ ಆಯಿತು, ಗಾಳಿಯಲ್ಲಿ ಹೋಗುವ ಸದ್ದಿಗೆ ಪ್ಯಾಡ್ ಏನು ಮಾಡೀತು? ಕೊನೆಗೆ ವಾರದ ದಿನ ಸಬ್‌ವೂಫರ್‌ನ ಸ್ವಿಚ್ಚೇ ಆಫ್. ಶನಿವಾರ ಮಧ್ಯಾಹ್ನ ಒಂದು ಸಿನಿಮಾಕ್ಕೆ ಮಾತ್ರ ಆನ್. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಇಷ್ಟು ದೊಡ್ಡ ಸಬ್ ಕೊಟ್ಟು ಅದರ ಹಣ ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ಹಣದಲ್ಲಿ ನಡುವಿನ ಸ್ಪೀಕರ್ ಇನ್ನೂ ಒಳ್ಳೆಯದು ಕೊಡಬಹುದಿತ್ತು, ಅಲ್ವಾ?

ಈ ತಲೆನೋವಿನಿಂದ ಒಂದು ಒಳ್ಳೆಯದೂ ಆಯಿತು. ಕೆಳಗಿನ ಮನೆಗಾಗಿ ನೈಟ್ ಮೋಡ್ ಹಾಕಿದೆವು. ಅದು ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಏರಿಸುತ್ತದೆ. ಪಿಸುಮಾತು ಮೇಲೆ ಬಂತು, ಗುಡುಗು ಸಿಡಿಲಿನ ಸಂಗೀತ ಕೆಳಗೆ ಹೋಯಿತು. ಮಾರನೇ ದಿನ ಅಮ್ಮನೇ, "ಇವತ್ತು ಚೆನ್ನಾಗಿ ಕೇಳಿಸ್ತಿದೆ, ಏನು ಮಾಡಿದೆ?" ಅಂತ ಕೇಳಿದರು. ಅವತ್ತಿನಿಂದ ನಮ್ಮಲ್ಲಿ ಹಗಲೂ ನೈಟ್ ಮೋಡೇ. ಹಾಲ್‌ನಲ್ಲಿ ನುಣುಪು ಟೈಲ್ಸ್, ಬಾಲ್ಕನಿ ಕಡೆ ಪೂರ್ತಿ ಗಾಜು, ಮಾತು ಮಾರ್ದನಿಸುತ್ತಿತ್ತು. ಊರಿಂದ ತಂದ ನವಲಗುಂದದ ಜಮಖಾನ ಬೀರುವಿನಲ್ಲಿ ಮಡಚಿಟ್ಟಿದ್ದನ್ನು ತೆಗೆದು ಟಿವಿ ಮುಂದೆ ಹಾಸಿದೆವು. ಗಾಜಿಗೆ ದಪ್ಪ ಪರದೆ ಬಂತು. ಪರದೆ ಎಳೆದ ಕೂಡಲೇ ಮಾತು ಬಿಗಿಯಾಗುವುದು ನನ್ನ ಕಿವಿಗೇ ಗೊತ್ತಾಗುತ್ತದೆ.

ಆದರೆ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಕರೆಂಟಿನ ವಿಷಯ. ಕರೆಂಟ್ ಹೋಗಿ ಡಿಜಿ (ಅಪಾರ್ಟ್‌ಮೆಂಟ್‌ನ ಜನರೇಟರ್) ಬರಲು ನಮ್ಮಲ್ಲಿ ಕೆಲವೇ ಸೆಕೆಂಡು. ಟಿವಿ, ಸೆಟ್‌ಟಾಪ್ ಬಾಕ್ಸ್ ಹಾಗೂ ಹೀಗೂ ಎದ್ದು ಬರುತ್ತವೆ. ಬಾರ್ ಮಾತ್ರ ಬ್ಲೂಟೂತ್‌ನಲ್ಲಿ ಎದ್ದು ಕೂರುತ್ತದೆ. ಟಿವಿ ತನ್ನದೇ ಸ್ಪೀಕರ್‌ನಿಂದ ಮಾತಾಡಲು ಶುರು ಮಾಡುತ್ತದೆ. ಬಾರ್‌ನ ರಿಮೋಟ್ ಹುಡುಕಿ ಇನ್‌ಪುಟ್ ಬದಲಿಸಬೇಕು. ನಮಗೆ ಅದು ಅರ್ಧ ನಿಮಿಷದ ಕೆಲಸ. ಮಧ್ಯಾಹ್ನ ಒಬ್ಬರೇ ಇರುವ ಅಮ್ಮನಿಗೆ ಅಲ್ಲ. ಮಳೆಗಾಲದಲ್ಲಿ ಆಫೀಸಿಗೆ ಫೋನ್ ಬರುತ್ತಿತ್ತು, "ಮತ್ತೆ ಸರಿಯಾಗಿ ಕೇಳಿಸ್ತಿಲ್ಲ ಕಣೇ" ಅಂತ. ಕೆಲವು ದಿನ ಫೋನೂ ಮಾಡದೆ ಟಿವಿ ಆರಿಸಿ ಮಲಗಿಬಿಡುತ್ತಿದ್ದರು. ಸರ್ವಿಸ್‌ನವರು ಬಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಏನೂ ಬದಲಾಗಲಿಲ್ಲ. "ಇದು ಕಂಪ್ಲೇಂಟ್ ಅಲ್ಲ ಮೇಡಂ, ಇದರ ಡಿಸೈನೇ ಹೀಗೆ" ಅಂದರು. ಕಡೆಯದಾಗಿ ಯಾವ ಇನ್‌ಪುಟ್‌ನಲ್ಲಿ ಇತ್ತು ಅನ್ನುವುದನ್ನು ನೆನಪಿಡುವುದು ಅಷ್ಟು ದೊಡ್ಡ ಕೆಲಸವೇ? ವಯಸ್ಸಾದವರಿಗೆ ಇಷ್ಟು ಅನುಕೂಲ ಆಗುವ ವಸ್ತು, ಅವರು ಒಬ್ಬರೇ ಇದ್ದಾಗ ಕೈಕೊಟ್ಟರೆ ಹೇಗೆ?

ಕೊನೆಗೆ ಕಂಪ್ಯೂಟರ್‌ಗೆ ಹಾಕುವ 600 ವಿಎ ಯುಪಿಎಸ್ ತಂದು ಮೂರನ್ನೂ ಅದಕ್ಕೆ ಜೋಡಿಸಿದೆವು. ಸುಮಾರು ಮೂರು ಸಾವಿರ ಹೆಚ್ಚುವರಿ ಖರ್ಚು. ಡಿಜಿ ಬರುವ ತನಕ ಅದು ಆರಾಮಾಗಿ ತಾಳುತ್ತದೆ. ಈಗ ಕರೆಂಟ್ ಹೋದರೆ ಯುಪಿಎಸ್ ಬೀಪ್ ಅನ್ನುತ್ತದೆ, ಫ್ಯಾನ್ ನಿಧಾನವಾಗುತ್ತದೆ, ಸೀರಿಯಲ್ ನಡೆಯುತ್ತಲೇ ಇರುತ್ತದೆ. ಫೋನ್ ಬರುವುದು ನಿಂತಿದೆ.

ಹಾಗಾದರೆ ತಗೊಳ್ಳಬಹುದಾ? ಮನೆಯಲ್ಲಿ ಹಿರಿಯರಿದ್ದರೆ ಖಂಡಿತ ನಡುವಿನ ಸ್ಪೀಕರ್ ಇರುವುದನ್ನೇ ತಗೊಳ್ಳಿ. ಹಾಡು ಕೇಳುವುದಕ್ಕೇ ಅಂತಾದರೆ ಈ ಹಣಕ್ಕೆ ಒಂದು ಜೊತೆ ಒಳ್ಳೆ ಸ್ಪೀಕರ್ ವಾಸಿ. ಅಂಗಡಿಗೆ ಹಿರಿಯರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಹಾಕಿಟ್ಟಿರುವ ಡೆಮೊ ಬೇಡ, ಕನ್ನಡ ವಾರ್ತೆ ಹಾಕಿಸಿ. ಸಬ್‌ನ ಲೆವೆಲ್ ಬೇರೆಯಾಗಿ ಇಳಿಸಬಹುದಾ ಕೇಳಿ. ಕೊನೆಗೆ, ಟಿವಿ ಓಡುತ್ತಿರುವಾಗಲೇ ಬಾರ್‌ನ ಪ್ಲಗ್ ಕಿತ್ತು ಮತ್ತೆ ಹಾಕಿಸಿ. ಯಾರೂ ರಿಮೋಟ್ ಮುಟ್ಟದೆ ಸದ್ದು ತಾನಾಗಿ ಬಾರ್‌ಗೆ ವಾಪಸ್ ಬಂದರೆ ಮಾತ್ರ ಬಿಲ್ ಮಾಡಿಸಿ.