ಆರು ವಾರದ ಮರಿಯನ್ನು ಕೊಡದೆ ಕಳುಹಿಸಿದರು

ಹಣ ಹಿಡಿದು ಹೋದವಳನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದ, ನಾಯಿಮರಿಗಳನ್ನು ಬೆಳೆಸಿ ಮಾರುವ ಬ್ರೀಡರ್ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಲ್ಯಾಬ್ರಡಾರ್ ಮರಿಗಳಿಗೆ ಆಗ ಆರು ವಾರ. ಹಲ್ಲು ಬಂದಿವೆ, ಬಟ್ಟಲಿನಿಂದ ತಾವೇ ತಿನ್ನುತ್ತಿವೆ, ಇನ್ನೇನು ಬೇಕು ಎಂದು ಕೇಳಿದೆ. ಅವರು ವಾದಿಸಲಿಲ್ಲ. ಸ್ಟೂಲೊಂದನ್ನು ಹಾಕಿ, "ಅರ್ಧ ಗಂಟೆ ಕುಳಿತು ನೋಡಿ" ಎಂದರು.

ಕರಿಮರಿಯೊಂದು ತಂಗಿಯ ಕಿವಿಯನ್ನು ಬಿಗಿಯಾಗಿ ಕಚ್ಚಿತು. ತಂಗಿ ಕಿರುಚಿ, ಆಟ ಬಿಟ್ಟು ಮೂಲೆ ಸೇರಿತು. ಕರಿಮರಿ ಪೆಚ್ಚಾಗಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಹೋಗಿ, ಈ ಸಲ ಮೆಲ್ಲಗೆ ಬಾಯಿ ಹಾಕಿತು. ಆಮೇಲೆ ಹಾಲು ಕುಡಿಯುವಾಗ ಹಲ್ಲು ತಾಗಿಸಿದ್ದಕ್ಕೆ ತಾಯಿ ಗುರುಗುಟ್ಟಿ ಎದ್ದೇ ಹೋಯಿತು. ಎಷ್ಟು ಒತ್ತಿದರೆ ಆಟ, ಎಷ್ಟು ಒತ್ತಿದರೆ ನೋವು ಎಂಬ ಈ ಪಾಠವನ್ನು ಮನುಷ್ಯರು ಇಷ್ಟು ಚೆನ್ನಾಗಿ ಕಲಿಸಲಾರರು. ನನಗೆ ಅದು ಅನುಭವದಿಂದ ಗೊತ್ತು. ಹಿಂದೆ ಬೇರೊಬ್ಬ ಮಾರಾಟಗಾರರ ಮಾತು ನಂಬಿ ಐದು ವಾರದ ಮರಿ ತಂದಿದ್ದೆ. ಹನ್ನೊಂದು ವರ್ಷ ಜೊತೆಗಿತ್ತು. ಮಗಳ ಕೈಮೇಲೆ ಗೀರಿಲ್ಲದ ದಿನಗಳೇ ಕಡಿಮೆ. ಬೇರೆ ನಾಯಿ ಎದುರಾದರೆ ನಡುಗುತ್ತಿತ್ತು. ಎಲ್ಲವನ್ನೂ ಆ ಕಳೆದುಹೋದ ವಾರಗಳ ಮೇಲೆ ಹೊರಿಸುವುದಿಲ್ಲ. ಆದರೂ ಆ ಮರಿಗೆ ನಾನು ಅನ್ಯಾಯ ಮಾಡಿದೆ ಎಂಬ ನೋವು ಹೋಗಿಲ್ಲ.

ಹಾಗಾದರೆ ಮೂರು ತಿಂಗಳು ಇಲ್ಲಿಯೇ ಇರಲಿ ಎಂದೆ. ಅದಕ್ಕೂ ಅವರು ಒಪ್ಪಲಿಲ್ಲ. ಚಿವಾವಾದಂಥ ಪುಟ್ಟ ತಳಿಗಳಲ್ಲಿ ರಕ್ತದ ಸಕ್ಕರೆ ಬೇಗ ಕುಸಿಯುವುದರಿಂದ ಹಲವರು ಹನ್ನೆರಡು ವಾರದವರೆಗೂ ಇಟ್ಟುಕೊಳ್ಳುತ್ತಾರೆ. ಲ್ಯಾಬ್ರಡಾರ್‌ಗೆ ಆ ಭಯವಿಲ್ಲ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿಗಳು ಹೊಸ ಮನುಷ್ಯರನ್ನು, ಸದ್ದುಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ, ಅದರಲ್ಲಿ ಒಂದು ಪಾಲು ಹೊಸ ಮನೆಗೂ ಸಿಗಬೇಕು ಎಂದರು. ತಮ್ಮ ಪಾಲಿನ ಕೆಲಸವನ್ನು ಅವರು ಶ್ರದ್ಧೆಯಿಂದ ಮಾಡಿದ್ದರು. ಕೊಡೆ ಬಿಚ್ಚಿ ತೋರಿಸುವುದು, ಮಿಕ್ಸರ್ ಸದ್ದು ಕೇಳಿಸುವುದು, ದಿನಕ್ಕೆ ಕೆಲವು ನಿಮಿಷ ಒಂದೊಂದೇ ಮರಿಯನ್ನು ಉಳಿದವುಗಳಿಂದ ದೂರ ಇರಿಸಿ ಆಡಿಸುವುದು.

ಎಂಟು ವಾರ ತುಂಬಿದಾಗ ಉಳಿದ ಮರಿಗಳು ಹೊರಟವು. ನನ್ನದಕ್ಕೆ ಭೇದಿಯಾಗಿ ತೂಕ ಇಳಿದಿತ್ತು. ತೂಕದ ಪುಸ್ತಕ ತೋರಿಸಿ, "ಇದಕ್ಕೆ ಇನ್ನೊಂದು ವಾರ ಬೇಕು" ಎಂದರು. ಕ್ಯಾಲೆಂಡರ್ ನೋಡಿ ಕೈತೊಳೆದುಕೊಳ್ಳದೆ ಮರಿಯನ್ನೇ ನೋಡಿ ನಿರ್ಧರಿಸಿದರಲ್ಲ, ನನ್ನ ಗೌರವ ಹೆಚ್ಚಿದ್ದು ಅಲ್ಲಿಯೇ.

ಒಂದು ದೂರು ಇದೆ. ಮೊದಲ ಲಸಿಕೆಯ ವಿವರ ಸರಿಯಾಗಿತ್ತು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದ ಹದಿನಾರು ವಾರದವರೆಗೆ ಮತ್ತೆ ಮತ್ತೆ ಹಾಕಿಸಬೇಕೆಂದೂ ತಿಳಿಸಿದರು. ಆದರೆ ಜಂತುಹುಳುವಿನ ಔಷಧಿಯ ಹೆಸರು, ಪ್ರಮಾಣ ಬರೆದಿರಲಿಲ್ಲ. ನಮ್ಮ ಪಶುವೈದ್ಯರು ಕೇಳಿದಾಗ ಎರಡು ದಿನ ಫೋನ್ ಮಾಡಬೇಕಾಯಿತು. ಇಷ್ಟು ಕಾಳಜಿಯವರು ಆ ಒಂದು ಸಾಲನ್ನೂ ಬರೆದುಕೊಡಬೇಕಿತ್ತು. ಅದಕ್ಕಾಗಿ ಐದರಲ್ಲಿ ಅರ್ಧ ಅಂಕ ಕಳೆಯುತ್ತೇನೆ.

ಮರಿ ಮನೆಗೆ ಬಂದು ಹತ್ತು ದಿನವಾಯಿತು. ನಿನ್ನೆ ಆಟದ ಭರದಲ್ಲಿ ಮಗಳ ಬೆರಳಿಗೆ ಹಲ್ಲು ತಾಗಿತು. ಅವಳು "ಆ!" ಎಂದಳು. ಮರಿ ತಕ್ಷಣ ಬಾಯಿ ಸಡಿಲಿಸಿ, ಅದೇ ಬೆರಳನ್ನು ನೆಕ್ಕಿತು.