ಒಂದೇ ಸಿನಿಮಾ, ಮೂರು ಕಡೆ: ಗಾಂಧಿನಗರ, ಮಾಲ್, ಮನೆ

ಕಳೆದ ನವೆಂಬರ್‌ನಲ್ಲಿ ಬಂದ ಒಂದು ಕನ್ನಡ ಸಿನಿಮಾವನ್ನು ನಾನು ಮೂರು ಸಲ ನೋಡಿದೆ. ಮೊದಲು ಗಾಂಧಿನಗರದ ಹಳೇ ಥಿಯೇಟರಿನಲ್ಲಿ, ಆಮೇಲೆ ಮಾಲ್‌ನ ಮಲ್ಟಿಪ್ಲೆಕ್ಸ್‌ನಲ್ಲಿ, ಕೊನೆಗೆ ಮನೆಯ ಟಿವಿಯಲ್ಲಿ. ಮೂರೂ ಸಲ ಅಮ್ಮ ಜೊತೆಗಿದ್ದರು. ಇದು ಸಿನಿಮಾ ವಿಮರ್ಶೆ ಅಲ್ಲವಾದ್ದರಿಂದ ಹೆಸರು ಬಿಡುತ್ತೇನೆ. ನನಗೆ ಬರೆಯಬೇಕು ಅನ್ನಿಸಿದ್ದು ಆ ಮೂರು ಜಾಗಗಳ ಬಗ್ಗೆ.

ಆ ಸಿನಿಮಾದಲ್ಲಿ ಒಂದು ದೃಶ್ಯ ಇದೆ. ಓಟು ಕೇಳಲು ಬಂದ ಅಭ್ಯರ್ಥಿಗೆ ಹಳ್ಳಿಯ ಅಜ್ಜಿಯೊಬ್ಬಳು ಬಾಗಿಲಲ್ಲೇ ನಿಂತು, ಕೈಯಲ್ಲಿ ಖಾಲಿ ಕೊಡ ಹಿಡಿದು, ಒಂದು ಮಾತು ಹೇಳುತ್ತಾಳೆ. ಮೂರು ಜಾಗಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದಿದ್ದು ಆ ಒಂದು ಮಾತಿನಿಂದ.

ಅಮ್ಮ ಇರುವುದು ತಿಪಟೂರಿನಲ್ಲಿ, ನಾನು ವಿಜಯನಗರದಲ್ಲಿ. ಆ ಭಾನುವಾರ ಮ್ಯಾಟಿನಿಗೆ ಹೊರಟಾಗ ನಾನು ಮೆಟ್ರೋದಲ್ಲಿ ಹೋಗೋಣ ಅಂದೆ. ವಿಜಯನಗರದಿಂದ ಮೆಜೆಸ್ಟಿಕ್‌ಗೆ ನಾಲ್ಕೇ ಸ್ಟಾಪು. ಅಮ್ಮ ಒಪ್ಪಲಿಲ್ಲ. "ಸೊನ್ನೆ ಟಿಕೆಟ್ ಇರುವಾಗ ದುಡ್ಡು ಯಾಕೇ ಕೊಡ್ತೀಯ?" ಅಂದರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಅಮ್ಮನ ಪರ್ಸಿನಲ್ಲಿ ಆಧಾರ್ ಕಾರ್ಡ್ ಸದಾ ಮೇಲೆಯೇ ಇರುತ್ತದೆ. ತಿಪಟೂರಿಂದ ಬೆಂಗಳೂರಿಗೆ ಬರುವುದಕ್ಕೂ ಈಗ ಯಾರನ್ನೂ ಕೇಳುವುದಿಲ್ಲ. ಬರಬೇಕು ಅನ್ನಿಸಿದರೆ ಬಂದುಬಿಡುತ್ತಾರೆ. ಅದಕ್ಕೂ ಮುಂಚೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚಾಗಿತ್ತು. ಈ ಯೋಜನೆ ಬಗ್ಗೆ ಯಾರು ಏನೇ ಹೇಳಲಿ, ನಾನು ಅಮ್ಮನ ಜೊತೆ ಸಿನಿಮಾ ನೋಡುವಂತಾಗಿದ್ದು ಅದರಿಂದಲೇ.

ಕೆಂಪೇಗೌಡ ರಸ್ತೆಯಲ್ಲಿ ನಡೆಯುವಾಗ ಅಮ್ಮ ಹಳೇ ಥಿಯೇಟರುಗಳನ್ನು ಒಂದೊಂದೇ ಕೇಳುತ್ತಾ ಬಂದರು. ಸಾಗರ್ ಎಲ್ಲಿ? ತ್ರಿಭುವನ್ ಎಲ್ಲಿ? ಕಪಾಲಿ? ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮನನ್ನು ಕಪಾಲಿಗೆ ಕರೆದುಕೊಂಡು ಬಂದಿದ್ದರಂತೆ. ಅಷ್ಟು ದೊಡ್ಡ ತೆರೆಯನ್ನು ಅಮ್ಮ ಆವರೆಗೆ ನೋಡಿರಲಿಲ್ಲ. ಊರಲ್ಲಿ ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದ್ದೇ ಎಲ್ಲ. 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ಮುಚ್ಚಿತು, ಕಟ್ಟಡವನ್ನೂ ಕೆಡವಿದರು. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಕಡೆ ಈಗ ಮೆಟ್ರೋ ನಿಲ್ದಾಣ. ಸದಾಶಿವನಗರದ ಕಾವೇರಿ 1974ರಿಂದ ನಡೆದು 2024ರಲ್ಲಿ ನಿಂತಿತು. ಮೆಜೆಸ್ಟಿಕ್ ಅನ್ನುವ ಹೆಸರು ಬಂದಿದ್ದೇ ಒಂದು ಟಾಕೀಸಿನಿಂದ. ಅಲ್ಲಿ ಈಗ ಬೆರಳೆಣಿಕೆಯ ಥಿಯೇಟರ್‌ಗಳು ಉಳಿದಿವೆ.

ನಾವು ಹೋದ ಥಿಯೇಟರಿನಲ್ಲಿ ಬಾಲ್ಕನಿಗೆ 150 ರೂಪಾಯಿ, ಸೆಕೆಂಡ್ ಕ್ಲಾಸಿಗೆ 100. ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಚೀಟಿ ಹರಿದು ಕೊಡುತ್ತಾರೆ. ಒಳಗೆ ಕತ್ತಲೆ. ಟಾರ್ಚ್ ಹಿಡಿದ ವಯಸ್ಸಾದವರೊಬ್ಬರು "ನಿಧಾನ ಅಮ್ಮಾ, ಮೆಟ್ಟಿಲಿದೆ" ಅಂತ ಸೀಟಿನ ತನಕ ಬಂದು ಬೆಳಕು ಹಿಡಿದರು. ಸೀಟಿನ ಸ್ಪಂಜು ಕೂತುಹೋಗಿತ್ತು. ಫ್ಯಾನ್ ಸದ್ದು ಕೇಳುತ್ತಿತ್ತು. ರಾತ್ರಿಯ ದೃಶ್ಯಗಳಲ್ಲಿ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ಪ್ರೊಜೆಕ್ಟರಿನ ಬೆಳಕು ಮಂಕಾಗಿತ್ತು ಅಂತ ನನಗೆ ಗೊತ್ತಾಗಿದ್ದು ಎರಡನೇ ಸಲ ಮಾಲ್‌ನಲ್ಲಿ ನೋಡಿದಾಗ.

ಆದರೆ ಆ ಅಜ್ಜಿಯ ದೃಶ್ಯ ಬಂತು ನೋಡಿ. ಅಜ್ಜಿ ಕೊಡ ಎತ್ತುವ ಹೊತ್ತಿಗೇ ಮುಂದಿನ ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರುವಾಯಿತು. ಅವರಲ್ಲಿ ಕೆಲವರು ಎರಡನೇ ಸಲ ಬಂದವರಿರಬೇಕು, ಮಾತು ಬರುವ ಮೊದಲೇ ಗೊತ್ತಿತ್ತು. ಅಜ್ಜಿ ಬಾಯಿ ತೆರೆದಳು. ಇಡೀ ಥಿಯೇಟರ್ ಎದ್ದು ಕೂಗಿತು. ಅವಳು ಏನು ಹೇಳಿದಳು ಅಂತ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅಮ್ಮನಿಗೂ ಕೇಳಿಸಲಿಲ್ಲ. ಆದರೂ ಅಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಂಟರ್ವಲ್‌ನಲ್ಲಿ ಟೀ ಕುಡಿಯುವ ಕಡೆ ಅದೇ ಮಾತು. ಒಬ್ಬರು, "ಸಿನಿಮಾದೋರಿಗೆ ಓಟು ಕೇಳೋಕಾದ್ರೂ ಯಾರೋ ಬರ್ತಾರೆ, ನಮ್ ವಾರ್ಡಿಗೆ ಐದು ವರ್ಷದಿಂದ ಕಾರ್ಪೊರೇಟರೇ ಇಲ್ಲ" ಅಂದರು. ನಿಜ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಅಷ್ಟಾದರೂ ಚುನಾವಣೆ ಆಗಿರಲಿಲ್ಲ. ಆಟೋ ಓಡಿಸುವವರು, ಬಟ್ಟೆ ಅಂಗಡಿಯ ಹುಡುಗರು, ಪಕ್ಕದಲ್ಲಿ ನಿಂತ ನಾನು, ಎಲ್ಲರೂ ಟೀ ಲೋಟ ಹಿಡಿದು ಮೋರಿ, ಗುಂಡಿ, ನೀರಿನ ಬಗ್ಗೆ ಮಾತಾಡಿದೆವು. ಹೆಸರು ಗೊತ್ತಿಲ್ಲದವರ ಜೊತೆ ನಾನು ಊರಿನ ವಿಷಯ ಮಾತಾಡಿ ಎಷ್ಟೋ ಕಾಲವಾಗಿತ್ತು.

ಈಗ ಕಷ್ಟದ ವಿಷಯ. ಹೆಂಗಸರ ಶೌಚಾಲಯ. ಇದ್ದಿದ್ದು ಎರಡು, ಒಂದಕ್ಕೆ ಚಿಲಕ ಇರಲಿಲ್ಲ, ಇನ್ನೊಂದರಲ್ಲಿ ನೀರು ಇರಲಿಲ್ಲ. ಅಮ್ಮನಿಗೆ ಮಂಡಿ ನೋವು, ಸಕ್ಕರೆ ಕಾಯಿಲೆಯೂ ಇದೆ. ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಹಳೇ ಥಿಯೇಟರುಗಳಿಗೆ ಹೆಂಗಸರು ಬರುವುದು ಕಡಿಮೆಯಾಗಿದ್ದಕ್ಕೆ ಟಿವಿ, ಮೊಬೈಲು ಅಂತ ಏನೇನೋ ಕಾರಣ ಹೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲ ಕಾರಣ ಇದು. ಬಾಲ್ಕನಿಗೆ ಇನ್ನು 20 ರೂಪಾಯಿ ಜಾಸ್ತಿ ಮಾಡಲಿ, ಕೊಡುತ್ತೇವೆ. ಒಂದು ಚಿಲಕ, ಒಂದು ನಲ್ಲಿ ಹಾಕಿಸಲಿ.

ಆ ದಿನದ ಖರ್ಚು: ಟಿಕೆಟ್ 300, ಚುರುಮುರಿ ಮತ್ತು ಟೀಗೆ 80. ಬಸ್ಸಿಗೆ ಸೊನ್ನೆ. ಒಟ್ಟು 380.

ಎರಡು ವಾರ ಕಳೆದು ಮಲ್ಟಿಪ್ಲೆಕ್ಸ್‌ಗೆ ಹೋಗಿದ್ದು ಅಮ್ಮನ ಆಸೆಗೆ. ಆ ಅಜ್ಜಿ ಏನು ಹೇಳಿದಳು ಅಂತ ತಿಳಿಯಬೇಕಿತ್ತು ಅವರಿಗೆ. ಶನಿವಾರ ಸಂಜೆ, ಒಂದು ಟಿಕೆಟ್ 380. ಎರಡಕ್ಕೆ 760. ಆನ್‌ಲೈನ್ ಬುಕಿಂಗ್‌ಗೆ ಅಂತ ಮತ್ತೆ 70. ಪಾಪ್‌ಕಾರ್ನ್ 350. ವಾಪಸ್ ಬರಲು ಕ್ಯಾಬ್ 280. ಒಟ್ಟು 1,460. ಹೆಚ್ಚುಕಡಿಮೆ ನಾಲ್ಕು ಮ್ಯಾಟಿನಿ ಆಗುತ್ತಿತ್ತು ಅಂತ ಅಮ್ಮ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು. ನೀರಿಗೆ ಮಾತ್ರ ದುಡ್ಡು ಕೊಡಲಿಲ್ಲ. ಹೊರಗಿನ ತಿಂಡಿ ಬೇಡ ಅನ್ನಲು ಥಿಯೇಟರಿನವರಿಗೆ ಹಕ್ಕಿದೆ, ಆದರೆ ಕುಡಿಯುವ ಶುದ್ಧ ನೀರನ್ನು ಬಿಟ್ಟಿ ಕೊಡಲೇಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿದರೆ ತೋರಿಸುತ್ತಾರೆ. ಕೇಳಿ.

ಒಳ್ಳೆಯದನ್ನು ಮೊದಲು ಹೇಳಬೇಕು. ಶೌಚಾಲಯ ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು. ಲಿಫ್ಟ್ ಇತ್ತು. ಅಮ್ಮನ ಮಂಡಿಗೆ ಅದೇ ದೊಡ್ಡ ಉಪಕಾರ. ರಾತ್ರಿಯ ದೃಶ್ಯದಲ್ಲಿ ಕೆರೆಯ ನೀರಿನ ಮೇಲೆ ಬೆಳದಿಂಗಳು ಬಿದ್ದಿರುವುದು ಕಾಣಿಸಿತು. ಕಪ್ಪೆಯ ಸದ್ದು ಹಿಂದಿನಿಂದ ಬಂತು. ಕ್ಯಾಮೆರಾದವರು ಇಷ್ಟು ಕಷ್ಟಪಟ್ಟಿದ್ದರು ಅಂತ ಆಗಲೇ ಗೊತ್ತಾಗಿದ್ದು. ಸಣ್ಣ ದನಿಯ, ಮೆಲ್ಲಗೆ ನಡೆಯುವ ಸಿನಿಮಾಗಳನ್ನು ನಾನು ಇನ್ನು ಮುಂದೆಯೂ ಇಲ್ಲೇ ನೋಡುತ್ತೇನೆ. ರಾತ್ರಿ ಒಬ್ಬಳೇ ಹೋಗುವುದಾದರೂ ಇಲ್ಲಿಗೇ. ಸೆಕೆಂಡ್ ಶೋ ಬಿಡುವ ಹೊತ್ತಿಗೆ ಗಾಂಧಿನಗರದಲ್ಲಿ ಮೆಟ್ರೋ ಇರುವುದಿಲ್ಲ, ಬಸ್ ಸಿಕ್ಕರೆ ಅದೃಷ್ಟ. ಮಾಲ್‌ನ ಬಾಗಿಲಿಗೇ ಕ್ಯಾಬ್ ಬರುತ್ತದೆ.

ಆದರೆ ಅಲ್ಲಿ ಅಮ್ಮ ಸಣ್ಣವರಾಗಿಬಿಟ್ಟರು. ಪಾಪ್‌ಕಾರ್ನ್ ಕೌಂಟರಿನ ಹುಡುಗ ಹಿಂದಿಯಲ್ಲಿ ಏನೋ ಕೇಳಿದ. ಅಮ್ಮ ಕನ್ನಡದಲ್ಲಿ ಹೇಳಿದರು. ಅವನು ಮತ್ತೆ ಹಿಂದಿಯಲ್ಲೇ ಕೇಳಿದ. ಅಮ್ಮ ನನ್ನ ಹಿಂದೆ ಸರಿದು ನಿಂತರು. ಅವನ ಮೇಲೆ ನನಗೆ ಕೋಪವಿಲ್ಲ, ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದ ಹುಡುಗ. ಅವನನ್ನು ಅಲ್ಲಿ ನಿಲ್ಲಿಸುವ ಮುಂಚೆ ನಾಲ್ಕು ಕನ್ನಡ ಮಾತು ಕಲಿಸದವರ ಮೇಲೆ ಕೋಪ ಇದೆ. ಅಂಗಡಿ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರು. ಬೋರ್ಡಿನ ಮೇಲೆ ಕನ್ನಡ ಇತ್ತು. ಕನ್ನಡ ಸಿನಿಮಾ ನೋಡಲು ಬಂದ ಅಮ್ಮನ ಜೊತೆ ಮಾತಾಡಲು ಇರಲಿಲ್ಲ.

ಟಿಕೆಟ್‌ನಲ್ಲಿ ಬರೆದ ಹೊತ್ತಿಗೆ ಸಿನಿಮಾ ಶುರುವಾಗಲಿಲ್ಲ. ಜಾಹೀರಾತುಗಳೇ 20 ನಿಮಿಷದ ಮೇಲೆ ನಡೆದವು. ಹೀಗೆ 25 ನಿಮಿಷ ಕಾಯಿಸಿದ್ದಕ್ಕೆ ಬೆಂಗಳೂರಿನ ಗ್ರಾಹಕರೊಬ್ಬರು ದೂರು ಕೊಟ್ಟು 2025ರಲ್ಲಿ ಗ್ರಾಹಕ ನ್ಯಾಯಾಲಯದಲ್ಲಿ ಗೆದ್ದಿದ್ದರು. ಆಮೇಲೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ಅಜ್ಜಿಯ ದೃಶ್ಯ ಬಂತು. ಮಾತು ಸ್ಪಷ್ಟವಾಗಿ ಕೇಳಿಸಿತು, ಒಂದೊಂದು ಅಕ್ಷರವೂ. ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಹಿಂದೆ ಯಾರೋ ಒಬ್ಬರು 'ಹ್ಞಂ' ಅಂದರು. ಅಮ್ಮ ಆ ಹೊತ್ತಿಗೆ ನಿದ್ದೆ ಹೋಗಿದ್ದರು. ಎಸಿಯ ತಂಪು, ಮೆತ್ತನೆ ಸೀಟು, ಊರಿಂದ ಬಂದ ಸುಸ್ತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಇಂಟರ್ವಲ್‌ನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಿದ್ದರು.

ಟಿಕೆಟ್ ದರದ ಜಗಳ ಇಲ್ಲಿಗೆ ಸೇರುತ್ತದೆ. 200 ರೂಪಾಯಿ ಮಿತಿ ಹಾಕುತ್ತೇವೆ ಅಂತ ಸಿದ್ದರಾಮಯ್ಯನವರು 2017ರ ಬಜೆಟ್‌ನಲ್ಲೂ ಹೇಳಿದ್ದರು, 2025ರ ಬಜೆಟ್‌ನಲ್ಲೂ ಹೇಳಿದರು. 2025ರ ಸೆಪ್ಟೆಂಬರ್‌ನಲ್ಲಿ ಆದೇಶವೂ ಬಂತು. ತೆರಿಗೆ ಬಿಟ್ಟು 200, ಸೀಟು 75ಕ್ಕಿಂತ ಹೆಚ್ಚಿಲ್ಲದ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಅದೇ ತಿಂಗಳು ಹೈಕೋರ್ಟಿನಿಂದ ತಡೆಯೂ ಬಂತು. ನಾನು ಮಿತಿಯ ಪರ. ನಾಲ್ಕು ಜನರ ಮನೆಯೊಂದು ವಾರದ ರಜೆಗೆ ಸಿನಿಮಾಕ್ಕೆ ಹೋಗಲು ಎರಡು ಸಾವಿರ ಎತ್ತಿಡಬೇಕು ಅಂದರೆ, ಅವರು ಕನ್ನಡ ಸಿನಿಮಾವನ್ನು ಹೇಗೆ ಉಳಿಸುತ್ತಾರೆ? ಆದರೆ ಗಾಂಧಿನಗರದ ಮಾಲೀಕರ ಭಯವೂ ನನಗೆ ಅರ್ಥವಾಗುತ್ತದೆ. ಮಾಲ್‌ನಲ್ಲೂ 200 ಆದರೆ, ಸ್ಪಂಜು ಹೋದ ಸೀಟಿಗೆ 150 ಕೊಟ್ಟು ಯಾರು ಬರುತ್ತಾರೆ? ಮಿತಿ ಹಾಕುವ ಸರ್ಕಾರವೇ ಹಳೇ ಥಿಯೇಟರುಗಳ ದುರಸ್ತಿಗೂ ಕೈ ಹಿಡಿಯಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಉಳಿದವೂ ಮುಚ್ಚುತ್ತವೆ.

ಮನೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಓಟಿಟಿಗೆ ತಿಂಗಳಿಗೆ 299 ಕೊಡುತ್ತೇನೆ. ಸಂಕ್ರಾಂತಿಗೆ ತಿಪಟೂರಿಗೆ ಹೋದಾಗ ಅಕ್ಕ, ಭಾವ, ಮಕ್ಕಳು, ಅಮ್ಮ, ಎಲ್ಲ ಸೇರಿ ನೋಡಿದೆವು. ಖರ್ಚಿನಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ನಡುವೆ ಪಕ್ಕದ ಮನೆಯವರು ಎಳ್ಳು ಬೀರಲು ಬಂದರು. ಕುಕ್ಕರ್ ಕೂಗಿತು. ಭಾವನಿಗೆ ಫೋನ್ ಬಂತು. ಮುಕ್ಕಾಲು ಗಂಟೆ ನೋಡಿ ನಿಲ್ಲಿಸಿ, ಊಟ ಮಾಡಿ, ಮಿಕ್ಕಿದ್ದನ್ನು ಸಂಜೆ ನೋಡಿದೆವು. ಒಮ್ಮೆ ನೋಡಿ ಮೆಚ್ಚಿದ ಸಿನಿಮಾಕ್ಕೆ ಇದು ಸರಿ. ಮೊದಲ ಸಲ ನೋಡುವುದಕ್ಕೆ ನನಗೆ ಬೇಡ.

ಇನ್ನೊಂದು ಇದೆ. ನೋಡಬೇಕು ಅನ್ನಿಸಿದ ಕನ್ನಡ ಸಿನಿಮಾ ಓಟಿಟಿಯಲ್ಲಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ದೊಡ್ಡ ಕಂಪನಿಗಳು ಕನ್ನಡದ್ದನ್ನು ಕೊಳ್ಳಲು ಹಿಂದೆಮುಂದೆ ನೋಡುತ್ತವೆ. ರಕ್ಷಿತ್ ಶೆಟ್ಟಿಯಂಥವರೇ 2024ರಲ್ಲಿ 'ಏಕಂ' ಸರಣಿಯನ್ನು ಕೊಳ್ಳುವವರಿಲ್ಲದೆ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೊಸಬರ ಗತಿ ಏನು, ಯೋಚಿಸಿ. ಮನೆಯಲ್ಲೇ ನೋಡಿದರಾಯಿತು ಅಂತ ಕಾದು ಕೂತು, ಎಷ್ಟೋ ಒಳ್ಳೆಯ ಸಿನಿಮಾಗಳನ್ನು ನಾನೇ ಕಳೆದುಕೊಂಡಿದ್ದೇನೆ.

ಹಾಗಾಗಿ ಈಗ ಅಮ್ಮ ಬಂದಾಗ ಗಾಂಧಿನಗರದ ಮ್ಯಾಟಿನಿ. ಹೊಸಬರ ಸಿನಿಮಾ ಮಲ್ಟಿಪ್ಲೆಕ್ಸ್‌ನಲ್ಲಿ ಬಂದರೆ ಮೊದಲ ವಾರದಲ್ಲೇ, ವಾರದ ದಿನ, ದರ ಕಡಿಮೆ ಇರುವಾಗ. ಎರಡನೇ ವಾರಕ್ಕೆ ಬೆಳಿಗ್ಗೆ ಹತ್ತರ ಒಂದು ಶೋ ಉಳಿದರೆ ಹೆಚ್ಚು.

ಸಂಕ್ರಾಂತಿಯ ದಿನ ಅಜ್ಜಿಯ ದೃಶ್ಯ ಬಂದಾಗ ಅಮ್ಮ ಎಲ್ಲರನ್ನೂ ಸುಮ್ಮನಿರಿಸಿದರು. ಅಕ್ಕನ ಮಗನಿಗೆ ರಿಮೋಟ್ ಕೊಟ್ಟು, "ಸದ್ದು ಜಾಸ್ತಿ ಮಾಡೋ" ಅಂದರು. ಅಜ್ಜಿ ಹೇಳಿದಳು. ಅಮ್ಮ ಹಿಂದಕ್ಕೆ ಹಾಕಿಸಿ ಮತ್ತೊಮ್ಮೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೇ ಏನೇ ಅವಳು ಹೇಳಿದ್ದು? ಅವತ್ತು ಇದಕ್ಕಿಂತ ಚೆನ್ನಾಗಿ ಹೇಳಿದ್ಲಲ್ವಾ?" ಅಂದರು.